ಕುರ್ಚಿ ಕಾಯೋರು

ನಮ್ಮತ್ತೆ ಮೂವತ್ತು ವರ್ಷ ಮುಂದಿನ ಹಲ್ಲಲ್ಲಿ ಏನನ್ನೂ ಕಚ್ಚಿರಲಿಲ್ಲ. ಸೇಬು ಸಿಕ್ಕಿದ್ರೆ ಬ್ಯಾಗಿಂದ ಬೆರಳುದ್ದದ ಚಾಕು ತೆಗೆದು, ಆಚೆ ಕಡೆ ಬೆಳಕು ಕಾಣೋಷ್ಟು ತೆಳ್ಳಗೆ ಹೆಚ್ಚಿ, ಒಂದೊಂದೇ ಹೋಳನ್ನ ದವಡೆ ಪಕ್ಕಕ್ಕೆ ಜಾರಿಸಿ, ಏನೋ ಗುಟ್ಟು ಬಚ್ಚಿಡೋರ ಥರ ಅಗಿಯೋರು. ಮನೆಗೆ ಬಂದವರು ಯಾರಾದ್ರೂ 'ಹಲ್ಲು ನೋವಾ?' ಅಂತ ಕೇಳಿದ್ರೆ ನಮ್ಮಪ್ಪ ತಕ್ಷಣ, 'ನೋವಲ್ಲ, ಅದು ನಮ್ಮಕ್ಕನ ಹೊಟ್ಟೆಪಾಡು' ಅನ್ನೋರು. ತಮಾಷೆಗೆ ಅಂದ್ರೂ ಮಾತು ನಿಜಾನೇ, ಯಾಕಂದ್ರೆ ಅತ್ತೆ ಕ್ಲಾರಿನೆಟ್ ಊದೋರು, ಆ ವಾದ್ಯ ಬಾಯಲ್ಲಿ ಊರೋದು ಮೇಲಿನ ಎರಡು ಮುಂದಿನ ಹಲ್ಲಿಗೇನೇ, ಅವೆರಡು ಅಲ್ಲಾಡಿದ್ರೆ ಅಲ್ಲಿಗೆ ಎಲ್ಲಾ ಮುಗೀತು.

ಅತ್ತೆ ಕೆಲಸ ಮಾಡ್ತಿದ್ದಿದ್ದು ಹಾಡು-ಕುಣಿತದ ನಾಟಕಗಳನ್ನೇ ಆಡೋ ಒಂದು ಹಳೇ ಥಿಯೇಟರಲ್ಲಿ. ಸ್ಟೇಜಿನ ಮುಂದೆ, ನೋಡೋರ ಕಣ್ಣಿಗೆ ಬೀಳದ ಹಾಗೆ, ನೆಲಕ್ಕಿಂತ ಐದಡಿ ಕೆಳಗೆ ಒಂದು ಜಾಗ, ಅದರಲ್ಲಿ ಹನ್ನೊಂದು ಕುರ್ಚಿ, ಹನ್ನೊಂದು ಸ್ಟ್ಯಾಂಡು, ಒಂದೊಂದು ಸ್ಟ್ಯಾಂಡಿಗೂ ಪುಟಾಣಿ ದೀಪ; ಅದಕ್ಕೆ ಎಲ್ಲರೂ ಪ್ರೀತಿಯಿಂದ ಗುಂಡಿ ಅನ್ನೋರು. ಅತ್ತೆದು ಎಡಗಡೆಯಿಂದ ನಾಲ್ಕನೇ ಕುರ್ಚಿ. ಮೊಣಕೈ ಹತ್ರ ಸವೆದು ಮಿರಮಿರ ಮಿಂಚೋ ಒಂದೇ ಒಂದು ಕರೀ ಕೋಟು, ಅದರ ಎಡಜೇಬಿಗೆ ಒಳಗಿಂದ ಉಣ್ಣೆಬಟ್ಟೆ ಹೊಲಿದು ವಾದ್ಯದ ಒಂದು ತುಂಡನ್ನ ಬೆಚ್ಚಗಿಡೋರು, ಬಲಜೇಬಲ್ಲಿ ಬರೀ ಮೋಟು ಪೆನ್ಸಿಲ್ಲು. ರಸ್ತೇಲಿ ನಡೆಯುವಾಗ ಪೆಟ್ಟಿಗೆನ ಮಲಗಿದ ಮಗು ಥರ ಎದೆಗವಚಿಕೊಂಡು, ಒಂದು ಮೊಣಕೈ ಹೊರಗೆ ಚಾಚಿ, ಏಡಿ ಹಾಗೆ ಅಡ್ಡಡ್ಡ ಸರಿದು ಜನರ ಮಧ್ಯೆ ದಾರಿ ಮಾಡ್ಕೊಳ್ಳೋರು. ಆಟ ಶುರುವಾಗೋಕೆ ಅರ್ಧ ಗಂಟೆ ಇರುವಾಗಿಂದ ಅವರ ಬಾಯಲ್ಲಿ ರೀಡು, ಅಂದ್ರೆ ವಾದ್ಯದ ತುದಿಗೆ ಕಟ್ಟೋ ತೆಳ್ಳನೆ ಪಟ್ಟಿ, ನೆನೀತಾ ಇರೋದು. ಆ ಅರ್ಧ ಗಂಟೆ ಅವರ ಭಾಷೇಲಿ ಇದ್ದಿದ್ದು ಮೂರೇ ಮಾತು: ಏರಿಸಿದ ಹ್ಞೂಂ, ಇಳಿಸಿದ ಹ್ಞೂಂ, ಮತ್ತೆ 'ತಲೆ ತಿನ್ಬೇಡ' ಅನ್ನೋ ಅರ್ಥದ ಉದ್ದನೆ ಹ್ಞೂಂ.

ಅತ್ತೆ ನಿಜವಾಗಿ ಮಾತಾಡ್ತಿದ್ದಿದ್ದು ಪೆನ್ಸಿಲಲ್ಲಿ. ಅವರ ಸ್ವರದ ಹಾಳೆಗಳನ್ನ ನೋಡ್ಬೇಕಿತ್ತು ನೀವು, ಅಚ್ಚಾದ ಸ್ವರಕ್ಕಿಂತ ಜಾಸ್ತಿ ಅವರ ಅಕ್ಷರಾನೇ! 'ಉಸಿರು ತಗೋ ಕಣೇ.' 'ಇಲ್ಲಿ ಕೋಲು ಹಿಡಿದವನು ಓಡ್ತಾನೆ, ನೀನು ಓಡಬೇಡ.' 'ಅವಳು ಅಳೋದು ಮುಗೀಲಿ, ಆಮೇಲೆ.' ಮುಂದೆ ನಿಂತು ಕೋಲಾಡಿಸಿ ಎಲ್ಲರಿಗೂ ತಾಳ ತೋರಿಸೋರನ್ನ ಎಲ್ಲಿ ತಲೆಯೆತ್ತಿ ನೋಡ್ಬೇಕೋ ಅಲ್ಲಿ ಒಂದು ಪುಟ್ಟ ಕನ್ನಡಕದ ಚಿತ್ರ. ತಮಗೆ ತಾವೇ ಬುದ್ಧಿ ಹೇಳ್ಕೊಳ್ತಾ, ಬೈಕೊಳ್ತಾ, ಒಂದೊಂದು ಸಲ ಭೇಷ್ ಅಂದ್ಕೊಳ್ತಾ ಇಡೀ ನಾಟಕಾನ ದಾಟೋರು.

ಈಗ ಸಂಘದ ವಿಷಯ. ಗುಂಡಿಯ ಮೂಲೇಲಿ ಡ್ರಮ್ ಬಾರಿಸ್ತಿದ್ದ ದಪ್ಪ ಮೀಸೆಯವರೊಬ್ಬರಿದ್ರು, ಎಲ್ಲರಿಗೂ ಅವರು ತಾಳದಣ್ಣ. ಸಂಗೀತಗಾರರ ಸಂಘಕ್ಕೆ ಆ ಥಿಯೇಟರಿಂದ ಅವರೇ ಸೆಕ್ರೆಟರಿ. ಹನ್ನೊಂದು ಜನರಲ್ಲಿ ಹತ್ತು ಜನ ಮೆಂಬರು, ಅತ್ತೆ ಒಬ್ಬರು ಬಿಟ್ಟು. ವರ್ಷಕ್ಕೊಂದು ಸಲ ತಾಳದಣ್ಣ ಫಾರ್ಮು ಹಿಡ್ಕೊಂಡು ಬರೋರು, ಜಗಳಾನೂ ವರ್ಷ ವರ್ಷ ಅದೇ.

'ಸಹಿ ಹಾಕು ತಾಯಿ, ಪುಣ್ಯ ಬರುತ್ತೆ.'

'ಸೇರಿದ್ರೆ ನಂಗೇನು ಕೊಡ್ತೀರಣ್ಣಾ?'

'ಕಾರ್ಡು ಕೊಡ್ತೀವಿ.'

'ಕಾರ್ಡು ಊದಕ್ಕಾಗುತ್ತಾ?'

'ವರ್ಷಕ್ಕೊಂದು ಸಭೆ ಇರುತ್ತೆ, ಬಿಸ್ಕತ್ತು ಕೊಡ್ತೀವಿ.'

'ನಾನು ಕಚ್ಚಲ್ವಲ್ಲ.'

ಗುಂಡಿ ಪೂರ್ತಿ ನಗೋದು. ಅತ್ತೆ ಫಾರ್ಮನ್ನ ಮಡಿಚಿ ಪೆಟ್ಟಿಗೇಲಿಟ್ಕೊಂಡು ಅದರ ಹಿಂದೆ ಸಾಮಾನಿನ ಪಟ್ಟಿ ಬರೆಯೋರು. ಹೀಗೆ ಹತ್ತೊಂಬತ್ತು ವರ್ಷ, ಹತ್ತೊಂಬತ್ತು ಫಾರ್ಮು! ಒಳಗೊಳಗೆ ಅವರ ಲೆಕ್ಕಾಚಾರ ಬೇರೇನೇ ಇತ್ತು. ಆ ಸಂಘದ ದೊಡ್ಡ ನಿಯಮಾನ ಎಲ್ಲರೂ 'ಕುರ್ಚಿ ಕಾಯೋದು' ಅನ್ನೋರು: ಮೆಂಬರ್ ಒಬ್ಬರು ಹುಷಾರು ತಪ್ಪಿದ್ರೆ ಸಂಘದಿಂದ ಇನ್ನೊಬ್ಬ ಮೆಂಬರ್ ಬದಲಿಗೆ ಬಂದು ಊದ್ತಾರೆ, ಅವರು ಗುಣವಾಗಿ ಬಂದ ದಿನ ಮರುಮಾತಿಲ್ದೆ ಎದ್ದು ಹೋಗ್ತಾರೆ, ಆ ಕುರ್ಚೀನ ಖಾಯಂ ಮಾಡ್ಕೊಳ್ಳೋ ಹಾಗಿಲ್ಲ. ಅತ್ತೆಗೆ ಇದನ್ನ ಕೇಳಿದ್ರೇನೇ ಉರಿಯೋದು. ನನ್ನ ಕುರ್ಚೀನ ಇನ್ನೊಬ್ಬರು ಯಾಕೆ ಕಾಯ್ಬೇಕು, ನನ್ನ ಥರ ಊದೋರು ಬಂದ್ರೆ ತಾನೇ ಅದು ಕೈ ಬಿಟ್ಟು ಹೋಗೋದು, ಅಂತ.

ಆಮೇಲೆ ಒಂದು ಶನಿವಾರ, ಮಧ್ಯಾಹ್ನದ ಆಟಕ್ಕೆ ಹತ್ತು ನಿಮಿಷ ಇರುವಾಗ, ಕೋಟಿನ ಗುಂಡಿ ಕಿತ್ತುಬಂತು. ಅತ್ತೆ ಸೂಜಿ ದಾರ ತೆಗೆದು ಸರಸರ ಹೊಲಿದ್ರು, ಗಂಟು ಹಾಕಿದ್ರು, ತಲೆ ಬಗ್ಗಿಸಿ ಹಲ್ಲಲ್ಲಿ ದಾರ ಕತ್ತರಿಸಿದ್ರು. ಟಕ್. ಮೂವತ್ತು ವರ್ಷ ಸೇಬು ಕಚ್ಚದೇ ಇದ್ದವರು ಒಂದು ದಾರ ಕಚ್ಚಿ, ಅದೂ ಆ ಚಾಕು ಕಾಲ ಬುಡದ ಬ್ಯಾಗಲ್ಲೇ ಇರುವಾಗ, ಮುಂದಿನ ಹಲ್ಲನ್ನ ಅರ್ಧಕ್ಕೆ ಮುರ್ಕೊಂಡ್ರು! ಹಲ್ಲಿನ ಡಾಕ್ಟ್ರು ಬೇರೆ, ದಾರ ಬರೀ ನೆಪ, ಇಷ್ಟು ವರ್ಷದ ಒತ್ತಡಕ್ಕೆ ಅದು ಮೊದಲೇ ಬಿರುಕು ಬಿಟ್ಟಿತ್ತು ಅಂದ್ರು. ಹೊಸ ಹಲ್ಲು ಕೂತು ಗಟ್ಟಿಯಾಗೋವರೆಗೂ ಆರು ವಾರ ವಾದ್ಯ ಮುಟ್ಟೋ ಹಾಗಿಲ್ಲ.

ಆಟ ನಿಲ್ಲಿಸಕ್ಕಾಗುತ್ತಾ? ಥಿಯೇಟರಿನ ಮ್ಯಾನೇಜರ್ರು ಸಂಘಕ್ಕೇ ಫೋನ್ ಮಾಡಿ ಬದಲಿಯವರನ್ನ ಕರೆಸಿದ್ರು. ಬಂದವರು ಬಾಗಿಲಿಗೆ ತಲೆ ತಾಗೋಷ್ಟು ಎತ್ತರ, ಮಾತು ಕಮ್ಮಿ, ಮೂರು ವರ್ಷದಿಂದ ಸ್ವಂತದ್ದು ಅಂತ ಒಂದು ಕುರ್ಚಿ ಇಲ್ದೆ ಊರೆಲ್ಲಾ ಬದಲಿ ಊದ್ಕೊಂಡು ಓಡಾಡ್ತಿದ್ದವರು. ಗುಂಡಿಯೋರು ಅವರಿಗೆ ಅವತ್ತೇ 'ಕಂಬ' ಅಂತ ಹೆಸರಿಟ್ರು.

ಮೂರನೇ ವಾರಕ್ಕೆ ಅತ್ತೆಗೆ ಮನೇಲಿ ಕೂರಕ್ಕಾಗಲಿಲ್ಲ. ಜೀವನದಲ್ಲಿ ಮೊದಲನೇ ಸಲ ಟಿಕೆಟ್ ತಗೊಂಡು ಮಧ್ಯಾಹ್ನದ ಆಟಕ್ಕೆ ಹೋಗಿ ನೋಡೋರ ಸಾಲಲ್ಲಿ ಕೂತ್ರು. ಹದಿನಾಲ್ಕು ವರ್ಷದಿಂದ ಊದ್ತಿದ್ದ ನಾಟಕ, ಆದ್ರೆ ಮಗಳು ಟ್ರಂಕು ಎತ್ಕೊಂಡು ಮನೆ ಬಿಟ್ಟು ಹೋಗೋ ದೃಶ್ಯದಲ್ಲಿ ಆ ಹುಡುಗಿ ಬಾಗಿಲ ಹತ್ರ ತಿರುಗಿ ನೋಡ್ತಾಳೆ ಅನ್ನೋದೇ ಅವರಿಗೆ ಗೊತ್ತಿರಲಿಲ್ಲ! ಆ ಜಾಗದಲ್ಲಿ ಬೇರೆಲ್ಲಾ ವಾದ್ಯ ಸುಮ್ಮನಾಗಿ ಕ್ಲಾರಿನೆಟ್ ಒಂದೇ ಹಾಡ್ಬೇಕು. ಅತ್ತೆ ಸೀಟಿನ ಕೈ ಹಿಡ್ಕೊಂಡು, ತಪ್ಪಲಿ, ಒಂದೇ ಒಂದು ಸ್ವರ ತಪ್ಪಲಿ ಅಂತ ಕಾದ್ರು. ತಪ್ಪಲಿಲ್ಲ. ಅವರು ಉಸಿರು ತಗೊಳ್ಳೋ ಕಡೇನೇ ಉಸಿರು, ಅವರು ತಡೆಯೋ ಕಡೇನೇ ತಡೆ, ಅಳು ಮುಗಿಯೋವರೆಗೂ ಕಾದು ಶುರು. ಕೆಳಗೆ ಕಾಣದ ಕತ್ತಲಲ್ಲಿ ಯಾರೋ ತನ್ನ ಪೆನ್ಸಿಲ್ ಅಕ್ಷರಾನ ಒಂದೂ ಬಿಡದೆ ಓದ್ತಿದ್ದಾರೆ. ಅತ್ತೆಗೆ ಏಕ್‌ದಮ್ ಹೆಮ್ಮೆಯಾಯ್ತು, ಅದರ ಹಿಂದೇನೇ ಇನ್ನೊಂದು ಯೋಚನೆ ಬಂತು: ನಾನಿಲ್ದೇನೂ ನಾನು ಅಲ್ಲಿದ್ದೀನಿ, ಹಾಗಾದ್ರೆ ನಾನ್ಯಾಕೆ ಬೇಕು?

ಹೊರಗೆ ಮೆಟ್ಟಿಲ ಹತ್ರ ಮ್ಯಾನೇಜರ್ರು ಸಿಕ್ಕಿ, ತುಂಬಾ ಮೃದುವಾಗಿ, 'ಪೂರ್ತಿ ಗುಣವಾಗಲಿ ಮೇಡಂ, ನಿಧಾನವಾಗಿ ಬನ್ನಿ, ಏನೂ ಆತುರ ಇಲ್ಲ' ಅಂದ್ರು. ಅವರು ಬೈದಿದ್ರೆ ಅತ್ತೆ ತಡ್ಕೊಳ್ತಿದ್ರು. ಆ 'ಆತುರ ಇಲ್ಲ' ಅನ್ನೋದನ್ನ ತಡ್ಕೊಳ್ಳಕ್ಕಾಗಲಿಲ್ಲ. ನೇರ ತಾಳದಣ್ಣನ ಹತ್ರ ಹೋಗಿ, ಮುಖ ಬೇರೆ ಕಡೆ ಮಾಡ್ಕೊಂಡು ಕೇಳಿದ್ರು.

'ಅಣ್ಣಾ, ಇವತ್ತು ಸೇರಿದ್ರೆ?'

'ಸೇರಿದ ದಿನದಿಂದ ಮುಂದಕ್ಕಷ್ಟೇ ಅಮ್ಮಾ. ಮುರಿದ ಹಲ್ಲಿಗೆ ಆಗಲ್ಲ.'

ಹತ್ತೊಂಬತ್ತು ವರ್ಷ ರೇಗಿಸಿದ್ದ ಮನುಷ್ಯ ಅವತ್ತು ರೇಗಿಸಲಿಲ್ಲ. ಅದೇ ಜಾಸ್ತಿ ನೋವಾಗಿದ್ದು ಅಂತಾರೆ ಅತ್ತೆ.

ಐದನೇ ವಾರ ಮ್ಯಾನೇಜರ್ರು ಗುಂಡಿಗೇ ಇಳಿದು ಬಂದು ಎತ್ತರದವರಿಗೆ, ಈ ಕುರ್ಚಿ ಇನ್ಮೇಲೆ ನಿಮ್ಮದೇ, ಖಾಯಂ ಅಂದ್ರಂತೆ. ಅಲ್ಲೇ ಡ್ರಮ್ಮಿನ ಚರ್ಮ ಬಿಗೀತಿದ್ದ ತಾಳದಣ್ಣ ಆ ಸಂಭಾಷಣೆನ ಆಮೇಲೆ ನಮ್ಮನೇಲಿ ಎಷ್ಟು ಸಲ ಅಭಿನಯಿಸಿ ತೋರಿಸಿದ್ರೋ ಲೆಕ್ಕಾನೇ ಇಲ್ಲ, ನಂಗೆ ಬಾಯಿಪಾಠ ಬಂದ್ಬಿಟ್ಟಿದೆ.

'ಇದು ಬೇರೆಯವರ ಕುರ್ಚಿ ಸಾರ್.'

'ಅಯ್ಯೋ, ಆಕೆ ನಿಮ್ಮ ಸಂಘದ ಮೆಂಬರೇ ಅಲ್ಲ ಕಣ್ರೀ! ನಿಮ್ಮ ನಿಯಮ ಆಕೆಗೆ ಅನ್ವಯಿಸಲ್ಲ.'

'ಹೌದು ಸಾರ್, ಅವರಿಗೆ ಅನ್ವಯಿಸಲ್ಲ. ನಂಗೆ ಅನ್ವಯಿಸುತ್ತಲ್ಲ, ನಾನು ಮೆಂಬರು.'

ಅಷ್ಟೇ. ಮೂರು ವರ್ಷದಿಂದ ಕುರ್ಚಿಗೋಸ್ಕರ ಅಲೆದ ಮನುಷ್ಯ ರೀಡನ್ನ ಬಾಯಿಗಿಟ್ಕೊಂಡು ಹಾಳೆ ತಿರುವೋಕೆ ಶುರು ಮಾಡಿದ್ರಂತೆ.

ಏಳನೇ ವಾರದ ಮೊದಲನೇ ದಿನ ಅತ್ತೆ ಗುಂಡಿಗೆ ಇಳಿದಾಗ ಎತ್ತರದವರು ಆಗಲೇ ಹೊರಟುಹೋಗಿದ್ರು. ಕುರ್ಚಿ ಮೇಲೆ ಅತ್ತೆಯ ದಿಂಬು ಮುಂಚಿನ ಹಾಗೇ ಸ್ವಲ್ಪ ಎಡಕ್ಕೆ ವಾಲಿತ್ತು. ಸ್ಟ್ಯಾಂಡು ನೋಡ್ತಾರೆ, ಕುಳ್ಳಿ ಅತ್ತೆಯ ಎದೆಮಟ್ಟಕ್ಕೇ ಇದೆ, ಒಂದಿಂಚೂ ಹೆಚ್ಚುಕಮ್ಮಿ ಇಲ್ಲ.

'ಇದನ್ನ ಯಾರು ಇಳಿಸಿದ್ರು?' ಅಂತ ತಾಳದಣ್ಣನ್ನ ಕೇಳಿದ್ರು.

'ಏರಿಸಿದ್ರೆ ತಾನೇ ತಾಯಿ ಇಳಿಸೋದು? ಆರು ವಾರ ಬಗ್ಗಿ ಬಗ್ಗಿ ಓದಿದ್ರು. ಕೊನೇಲಿ ಅವರ ಬೆನ್ನಿಗೆ ನಾನೇ ಎಣ್ಣೆ ತಂದುಕೊಟ್ಟೆ.'

ಸ್ವರದ ಹಾಳೆಯ ಕೊನೇ ಪುಟದಲ್ಲಿ, ಅತ್ತೆಯ ಅಕ್ಷರದ ಕೆಳಗೆ, ಬೇಕಾದ್ರೆ ಅಳಿಸ್ಕೊಳ್ಳಲಿ ಅನ್ನೋಷ್ಟು ತೆಳ್ಳಗೆ ಎರಡು ಸಾಲಿತ್ತು: 'ನೀವು ಹೇಳಿದ ಕಡೆಯೆಲ್ಲಾ ಉಸಿರು ತಗೊಂಡೆ. ಟ್ರಂಕಿನ ದೃಶ್ಯ ಮುಗಿದ ಮೇಲಿನ ಹಾಡಲ್ಲಿ ಒಂದೇ ಒಂದು ಕಡೆ ನಿಮ್ಮ ಮಾತು ಕೇಳಲಿಲ್ಲ, ಕ್ಷಮಿಸಿ.' ಅತ್ತೆ ಆ ಜಾಗ ಹುಡುಕಿ, ಅವರು ಗುರುತು ಹಾಕಿದ ಹಾಗೇ ಒಂದು ಸಲ ಊದಿ ನೋಡಿದ್ರು. ಅವರದೇ ಸರಿ ಇತ್ತು. ಅತ್ತೆ ಅದನ್ನ ಅಳಿಸಲೇ ಇಲ್ಲ, ಪಕ್ಕದಲ್ಲಿ ಒಂದು ಕನ್ನಡಕ ಬರೆದ್ರು.

ಅವತ್ತೇ ಪೆಟ್ಟಿಗೆಯಿಂದ ಹತ್ತೊಂಬತ್ತು ಫಾರ್ಮಲ್ಲಿ ಒಂದನ್ನ ಹೊರಗೆಳೆದು ತುಂಬಿದ್ರು, ಅದರ ಬೆನ್ನ ಮೇಲೆ 'ಸೋಪು, ಬಲ್ಬು, ಕರೀ ದಾರ' ಅಂತ ಇತ್ತು. ಬದಲಿಗೆ ಹೋಗೋಕೆ ಸಿದ್ಧರಿದ್ದೀರಾ ಅನ್ನೋ ಕಡೆ 'ಹೌದು' ಅಂತ ಬರೆದು ಅದರಡಿ ಎರಡು ಗೆರೆ ಎಳೆದ್ರು. ಸುಮ್ಮನೆ ಎಳೆದಿದ್ದಲ್ಲ ಆ ಗೆರೆ. ಆಮೇಲಿನ ವರ್ಷಗಳಲ್ಲಿ ರಜೆ ಸಿಕ್ಕಾಗೆಲ್ಲ ಪೆಟ್ಟಿಗೆ ಎತ್ಕೊಂಡು ಬೇರೆ ಬೇರೆ ಗುಂಡಿಗಳಿಗೆ ಹೋಗಿ, ಜ್ವರ ಬಂದವರದ್ದು, ಹೆರಿಗೆಗೆ ಹೋದವರದ್ದು, ಕೈ ಮುರ್ಕೊಂಡವರದ್ದು ಕುರ್ಚಿ ಕಾದು ಬಂದ್ರು. ಒಂದು ಕಡೆಯಂತೂ ಸ್ಟ್ಯಾಂಡು ಅವರ ನೆತ್ತಿಗಿಂತ ಮೇಲಿತ್ತಂತೆ. ಅತ್ತೆ ಅದನ್ನ ಇಳಿಸಲಿಲ್ಲ, ಎರಡು ದಪ್ಪ ಟೆಲಿಫೋನ್ ಡೈರೆಕ್ಟರಿ ಹಾಕ್ಕೊಂಡು ಅದರ ಮೇಲೆ ಕೂತು ಊದಿದ್ರು. ಆ ಕುರ್ಚಿ ಯಾರದ್ದು ಅಂತ ನಾನು ಹೇಳ್ಬೇಕಾ? ಎತ್ತರದವರಿಗೆ ಕೊನೆಗೂ ಸಿಕ್ಕಿದ್ದ ಸ್ವಂತ ಕುರ್ಚಿ, ಅವರ ಬೆನ್ನಿನ ಆಪರೇಶನ್ ಮುಗಿಯೋವರೆಗೂ ಕಾದಿದ್ದು ನಮ್ಮತ್ತೆ!

ಈಗ ಆ ಥಿಯೇಟರ್ ಚಪ್ಪಲಿ ಅಂಗಡಿ ಆಗಿದೆ, ಗುಂಡಿಗೆ ಸಿಮೆಂಟ್ ತುಂಬಿ ಮೇಲೆ ಕನ್ನಡಿ ನಿಲ್ಲಿಸಿದ್ದಾರೆ. ತಾಳದಣ್ಣ ಇಲ್ಲ. ಮೊನ್ನೆ ನಮ್ಮ ಕಾಲೇಜ್ ಬ್ಯಾಂಡಲ್ಲಿ ಕೀಬೋರ್ಡ್ ನುಡಿಸೋ ನನ್ನ ಫ್ರೆಂಡ್ ಮನೆಗೆ ಬಂದಾಗ, 'ಆಂಟಿ, ಮ್ಯೂಸಿಶಿಯನ್ಸ್ ಅಸೋಸಿಯೇಷನ್ ಸೇರೋದು ವರ್ತ್ ಇದ್ಯಾ? ಏನಾದ್ರೂ ಕೊಡ್ತಾರಾ?' ಅಂತ ಕೇಳಿದ್ಲು. ಅತ್ತೆ ಸೇಬು ಹೆಚ್ಚೋದನ್ನ ನಿಲ್ಲಿಸಿ ಅವಳನ್ನ ಕಾಲಿಂದ ತಲೆವರೆಗೂ ನೋಡಿದ್ರು.

'ಕೊಡ್ತಾರೆ ಕಣಮ್ಮಾ, ಕಾರ್ಡು ಬಿಸ್ಕತ್ತು ಎಲ್ಲಾ ಕೊಡ್ತಾರೆ. ಮೊದಲು ಹೇಳು, ನಿನ್ನ ಎತ್ತರ ಎಷ್ಟು?'

ಅವಳಿಗೆ ಏನೂ ಅರ್ಥವಾಗಲಿಲ್ಲ. ನಂಗೆ ನಗು ಬಂತು. ಚಪ್ಪಾಳೆ ಬೀಳುವಾಗ ಎದ್ದು ನಿಂತ್ರೂ ಯಾರಿಗೂ ಕಾಣದಷ್ಟು ಕೆಳಗೆ ಕೂತು ಆಯಸ್ಸು ಕಳೆಯೋ ಈ ಜನ, ಹೊರಗಿಂದ ನೋಡಿದ್ರೆ ಜಂಭದವರ ಥರ, ಹಠಮಾರಿಗಳ ಥರ ಕಾಣ್ತಾರೆ, ತಮ್ಮ ಹಲ್ಲು, ತಮ್ಮ ದಿಂಬು, ತಮ್ಮ ಮೋಟು ಪೆನ್ಸಿಲ್ಲು ಅಂತ ಸಾಯ್ತಾರೆ. ಆದ್ರೆ ಇನ್ನೊಬ್ಬರ ಜಾಗದಲ್ಲಿ ಹೇಗೆ ಕೂರ್ಬೇಕು ಅನ್ನೋದು ಅವರಿಗೆ ಗೊತ್ತಿರುವಷ್ಟು ನಮಗ್ಯಾರಿಗೂ ಗೊತ್ತಿಲ್ಲ: ಆ ಜಾಗದವರ ಉಸಿರಲ್ಲೇ ಉಸಿರಾಡಿ, ಸ್ಟ್ಯಾಂಡಿನ ತಿರುಪಿಗೆ ಕೈ ಹಾಕದೆ, ಒಂದು ದಿನ ಸದ್ದಿಲ್ಲದೆ ಎದ್ದು ಹೋಗೋದು.