ತಣ್ಣೀರಲ್ಲಿ ಕಲಸಿದ ಪುಡಿ

ನನ್ನ ಹೆಂಡತಿ ಅಕ್ಕಯ್ಯಮ್ಮನಿಗೆ ಯಾವ ಪುಡಿ ಕೈಗೆ ಸಿಕ್ಕರೂ ಬಿಸಿನೀರಲ್ಲಿ ಕಲಸುವ ಚಟ. ನೇಕಾರರ ಮನೆಯಲ್ಲಿ ಹುಟ್ಟಿ, ನೂಲಿಗೆ ಹಾಕುವ ಗಂಜಿ ಕಾಯಿಸುತ್ತಲೇ ಬೆಳೆದವಳು. ಗಂಟಿಲ್ಲದೆ ಕಲಸುವುದರಲ್ಲಿ ಇಡೀ ದೊಡ್ಡಬಳ್ಳಾಪುರದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಅವಳೇ ಹೇಳಿಕೊಳ್ಳುತ್ತಾಳೆ.

ಈ ಸಲ ಅವಳ ನಿದ್ದೆ ಕೆಡಿಸಿದ್ದು ಸೊಳ್ಳೆ. ಮಗಳು ಚೌಡೇಶ್ವರಿ ಚೊಚ್ಚಲ ಬಸುರಿ. ತವರಿಗೆ ಬರಬೇಕು, ಬಾಣಂತನ ತಾಯಿಯೇ ಮಾಡಬೇಕು. ಆದರೆ ಹೋದ ಮಳೆಗಾಲ ನಮ್ಮ ಬೀದಿಗೆ ಡೆಂಗ್ಯೂ ಬಂದದ್ದು ಹತ್ತಿರದ ವಿಜಯಪುರದ ಬೀಗಿತ್ತಿಗೆ ಗೊತ್ತಿತ್ತು. ಸೀಮಂತಕ್ಕೆ ಹೋದಾಗ ಮುಖದ ಮೇಲೇ ಹೇಳಿಬಿಟ್ಟರು: "ನಿಮ್ಮನೇಲಿ ಸೊಳ್ಳೆ ಕಾಟ ಹೋಗೋವರ್ಗೂ ನಮ್ ಹುಡುಗೀನ ಕಳಿಸಲ್ಲ."

"ನಮ್ ಹುಡುಗಿಯಂತೆ! ಹೆತ್ತೋಳು ನಾನು," ಎಂದು ಅಕ್ಕಯ್ಯಮ್ಮ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಳು. ನನಗೂ ಸಂಕಟವೇ. ವಾರಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರುವ ಬೀದಿಯಲ್ಲಿ ತುಂಬಿಡದೆ ಬದುಕುವುದು ಹೇಗೆ? ಹಿತ್ತಲ ಡ್ರಮ್ಮುಗಳಲ್ಲಿ ಸೊಳ್ಳೆಮರಿಗಳು ತಲೆಕೆಳಗಾಗಿ ಕುಣಿಯುತ್ತಿದ್ದವು.

ಪಕ್ಕದ ಮನೆಯ ಹರ್ಷಿತ ಎಂ.ಎಸ್ಸಿ. ಓದುತ್ತಾಳೆ. ಅವಳೊಂದು ಪುಡಿ ತಂದುಕೊಟ್ಟಳು, ಮಣ್ಣಿನಲ್ಲಿ ಸಿಗುವ ಬ್ಯಾಕ್ಟೀರಿಯಾದಿಂದ ಮಾಡಿದ್ದು. ಅಕ್ಕಯ್ಯಮ್ಮ ಅದನ್ನು ಡ್ರಮ್ಮುಗಳಿಗೆ ಹಾಕಿ ದಿನ ಕಳೆದರೂ ಒಂದು ಮರಿಯೂ ಸಾಯಲಿಲ್ಲ.

"ನಿನ್ ಪುಡಿ ತಿಂದು ಇನ್ನೂ ದಪ್ಪ ಆಗವೆ ಕಣಮ್ಮಾ," ಎಂದೆ. ಹುಡುಗಿಯ ಮುಖ ಸಪ್ಪಗಾಯಿತು. ನನ್ನ ಬಾಯಿಗೆ ಬೀಗವಿಲ್ಲ.

"ಹೆಂಗ್ ಹಾಕಿದ್ರಿ? ಇನ್ನೊಂದ್ಸಲ ಮಾಡಿ ತೋರ್ಸಿ ಅತ್ತೆ," ಎಂದಳು. ಅಕ್ಕಯ್ಯಮ್ಮ ಕುದಿಯುವ ನೀರಿಳಿಸಿ, ಪುಡಿ ಸುರಿದು, ಗಂಜಿಯಂತೆ ತಿರುವತೊಡಗಿದಳು.

"ಅಯ್ಯೋ ಅತ್ತೆ! ಬೇಯಿಸ್ಬಿಟ್ರಲ್ಲಾ!"

ಹರ್ಷಿತ ನಮ್ಮನ್ನು ನನ್ನ ಸೀರೆ ಮಗ್ಗದ ಹತ್ತಿರ ಕರೆದೊಯ್ದು, ಮೇಲೆ ತೂಗುವ, ಹೂವಿನ ವಿನ್ಯಾಸಕ್ಕೆ ತೂತು ಕೊರೆದ ಜಕಾರ್ಡ್ ಕಾರ್ಡುಗಳನ್ನು ತೋರಿಸಿದಳು. "ಪಾಪಯ್ಯ ಮಾವ, ಕಾರ್ಡಲ್ಲಿ ತೂತು ಇದ್ದ ಕಡೆ ಮಾತ್ರ ಸೂಜಿ ಹೋಗುತ್ತೆ ಅಲ್ವಾ? ಪುಡೀಲಿರೋ ವಿಷಾನೂ ಹಂಗೆ. ಮರಿ ತಿಂದ್ಮೇಲೆ ಹೊಟ್ಟೇಲಿ ಕರಗುತ್ತೆ. ಕರುಳಿನ ಗೋಡೇಲಿ ರಿಸೆಪ್ಟರ್ ಅಂತ ಅಂಟೋ ಜಾಗಗಳು ಇರ್ತವೆ, ಅವಕ್ಕೆ ಸರಿಯಾಗಿ ಅಂಟ್ಕೊಂಡು ಕರುಳನ್ನೇ ತೂತು ಮಾಡುತ್ತೆ. ನಮ್ ಕರುಳಲ್ಲಿ ಆ ರಿಸೆಪ್ಟರೇ ಇಲ್ಲ, ನಮಗೇನೂ ಆಗಲ್ಲ. ಆದ್ರೆ ಕುದಿಯೋ ನೀರು ಬಿದ್ರೆ ಆ ವಿಷದ ಆಕಾರಾನೇ ಕೆಟ್ಟೋಗುತ್ತೆ. ಆಮೇಲೆ ಎಲ್ಲಿ ಅಂಟುತ್ತೆ?"

"ಕಾರ್ಡು ನೆಂದು ಸೊಟ್ಟಗಾದ್ರೆ ಸೀರೇಲಿ ಹೂವು ಬೀಳಲ್ಲ, ಹಂಗೆ," ಎಂದೆ.

ಅಕ್ಕಯ್ಯಮ್ಮ ಬೆಂದ ಪುಡಿಯನ್ನು ಚರಂಡಿಗೆ ಚೆಲ್ಲಿದಳು. ಉಳಿದ ಪುಡಿಯನ್ನು ತಣ್ಣೀರಲ್ಲಿ ಕಲಸಿ ಡ್ರಮ್ಮುಗಳಿಗೆ ಹಾಕಿದಳು. ಮರುದಿನ ಸಂಜೆಗೆ ಮರಿಗಳೆಲ್ಲ ಸತ್ತು ತಳ ಸೇರಿದ್ದವು. ಆಗಾಗ ಮತ್ತೆ ಹಾಕುತ್ತಿರಬೇಕೆಂದು ಹರ್ಷಿತ ಹೇಳಿದ್ದನ್ನು ಅವಳು ದೇವರ ದೀಪದಷ್ಟೇ ನೇಮದಿಂದ ಪಾಲಿಸಿದಳು.

ತಿಂಗಳ ಕೊನೆಗೆ ಬೀಗಿತ್ತಿ ಸೊಸೆಯನ್ನು ಕರೆದುಕೊಂಡು ಬಂದರು. ಅವಳ ಬಟ್ಟೆಯ ಚೀಲವನ್ನು ಮಾತ್ರ ಕಾರಿನಿಂದ ಇಳಿಸಗೊಡಲಿಲ್ಲ. ಕಾಫಿ ಮುಟ್ಟದೆ ನೇರ ಹಿತ್ತಲಿಗೆ ನಡೆದು, ಮೊಬೈಲ್ ಬೆಳಕು ಬಿಟ್ಟು ಒಂದೊಂದೇ ಡ್ರಮ್ಮಿನಲ್ಲಿ ಇಣುಕಿದರು. ಅಕ್ಕಯ್ಯಮ್ಮ ಸೆರಗು ಹಿಂಡುತ್ತ ಹಿಂದೆ ನಿಂತಳು. 

"ಒಂದೂ ಇಲ್ವಲ್ಲಾ! ನಮ್ಮನೆ ತೊಟ್ಟೀಲೇ ಗಿಜಿಗಿಜಿ ಅಂತವೆ," ಎಂದರು ಬೀಗಿತ್ತಿ, ದನಿ ಇಳಿಸಿ. "ಇವಳನ್ನ ಇಲ್ಲೇ ಬಿಟ್ಟು ಹೋಗ್ತೀನಿ. ನಂಗೂ ಒಂಚೂರು ಪುಡಿ ಕೊಡಿ."

ಅಕ್ಕಯ್ಯಮ್ಮ ಕಣ್ಣೊರೆಸಿಕೊಂಡು ಪೊಟ್ಟಣ ಕಟ್ಟಿ ಕೊಟ್ಟಳು. "ತಣ್ಣೀರಲ್ಲೇ ಕಲಸ್ಬೇಕು, ತಿಳೀತಾ? ಬಿಸಿನೀರು ಹಾಕೋ ದಡ್ಡರೂ ಇರ್ತಾರೆ."

ನಾನು ಬಾಯಿ ತೆರೆದೆ. ಅವಳು ಕೆಕ್ಕರಿಸಿ ನೋಡಿದಳು. ಬಾಯಿ ಮುಚ್ಚಿಕೊಂಡು, ಮಗಳ ಚೀಲ ತರಲು ಕಾರಿನತ್ತ ಓಡಿದೆ.