ಅಗಲವಾಗುವ ಬಡಿತ

ನಮ್ಮ ಹೊಳಗುಂದದ ಕಡೆ ಯಾರಿಗಾದರೂ ಹೊಟ್ಟೆ ನೋವು ಬಂದರೆ ಮೊದಲು ಕೇಳುವುದು, ಬಟ್ಟಿ ಸರಿದಿದೆಯೇ ಅಂತ. ಹೊಕ್ಕುಳಲ್ಲಿ ಬಡಿಯುವ ನಾಡಿ ಜಾಗ ಬಿಟ್ಟಿದೆ ಅನ್ನುವ ನಂಬಿಕೆ ಅದು. ಅದನ್ನು ಒತ್ತಿ, ನೀವಿ ಜಾಗಕ್ಕೆ ಕೂರಿಸುವುದರಲ್ಲಿ ಬಸವಕ್ಕನದು ಎತ್ತಿದ ಕೈ.

ಆವತ್ತು ಬೆಳಿಗ್ಗೆ ನರ್ಸ್ ಮಲ್ಲೇಶ್ವರಿ ಸಕ್ಕರೆ ಕಾಯಿಲೆಯ ಮಾತ್ರೆ ಕೊಡಲು ಲಿಂಗಕ್ಕನ ಮನೆಗೆ ಹೋದಾಗ, ಲಿಂಗಕ್ಕನ ಗಂಡ ಉಚ್ಚೀರಪ್ಪ ಪಡಸಾಲೆಯಲ್ಲಿ ಅಂಗಾತ ಮಲಗಿದ್ದ. ಕುರಿ ಸಾಕಿದ ಮನುಷ್ಯ, ಅರವತ್ತೆಂಟು ವಯಸ್ಸು, ಅದರಲ್ಲಿ ನಲವತ್ತು ವರ್ಷ ಬೀಡಿ. ಪಕ್ಕದಲ್ಲಿ ಬಸವಕ್ಕ ಅಂಗೈಗೆ ಎಣ್ಣೆ ಸವರಿಕೊಳ್ಳುತ್ತಿದ್ದಳು.

"ಎರಡು ದಿನ ಆತು ನರ್ಸಮ್ಮ, ಹೊಟ್ಟಿ ನೋವು ಬೆನ್ನಿಗೆ ಹಾಯ್ದೈತಂತ," ಅಂದಳು ಲಿಂಗಕ್ಕ.

"ಏಂ ಪರ್ವಾಲೇದು, ಏನೂ ಆಗಂಗಿಲ್ಲ. ಬಸವಕ್ಕ ಒತ್ತಿದರ ಹೋಕ್ಕತಿ," ನರಳುತ್ತಲೇ ಉಚ್ಚೀರಪ್ಪ ಗತ್ತು ಬಿಡಲಿಲ್ಲ.

ಮಲ್ಲೇಶ್ವರಿಯ ಕಣ್ಣು ಅವನ ಬನಿಯನ್ನಿನ ಮೇಲೆ ನಿಂತಿತು. ಹೊಕ್ಕುಳಿಗಿಂತ ತುಸು ಮೇಲೆ ಅದು ತಾಳ ಹಾಕಿದಂತೆ ಏಳುತ್ತಿತ್ತು, ಬೀಳುತ್ತಿತ್ತು.

"ಅಕ್ಕಾ, ಒತ್ತಬ್ಯಾಡ!"

"ಯಾಕವ್ವ? ನೀ ಹುಟ್ಟೂಕಿಂತ ಮದಲ ಒತ್ತಾಕತ್ತೀನಿ ನಾನು."

ಮಲ್ಲೇಶ್ವರಿ ಕೂತು, ಎರಡೂ ಅಂಗೈಗಳನ್ನು ಆ ಬಡಿತದ ಆಚೆ ಈಚೆ ಹಗುರವಾಗಿ ಇಟ್ಟಳು. ಪ್ರತಿ ಬಡಿತಕ್ಕೂ ಕೈಗಳೆರಡೂ ಒಂದರಿಂದೊಂದು ದೂರ ಸರಿದವು. ಬಿ.ಪಿ. ನೋಡಿದಳು, ನೂರ ಎಂಬತ್ತು.

"ಇದು ಬಟ್ಟಿ ಅಲ್ಲ. ಹೊಟ್ಟಿಯೊಳಗಿನ ದೊಡ್ಡ ರಕ್ತನಾಳ ಉಬ್ಬೈತಿ ಅನಸ್ತೈತಿ. ಸೈಕಲ್ ಟ್ಯೂಬು ಸವೆದ ಕಡೆ ಉಬ್ಬತೈತಲ್ಲ, ಹಂಗ. ಒತ್ತಿದರ ಒಡದೀತು. ಒಡದರ ಜೀವ ಉಳಿಯೂದು ಕಷ್ಟ. ಈಗಲೇ ಆದೋನಿ ದವಾಖಾನಿಗೆ ಹೋಗಿ ಸ್ಕ್ಯಾನ್ ಮಾಡಿಸಬೇಕು."

"ನಾ ಬರಂಗಿಲ್ಲ. ಒತ್ತು ಬಸವಕ್ಕಾ."

ಮಲ್ಲೇಶ್ವರಿ ಅವನ ಜೊತೆ ವಾದಕ್ಕಿಳಿಯಲಿಲ್ಲ. ಬಸವಕ್ಕನ ಕಡೆ ತಿರುಗಿದಳು. "ಅಕ್ಕಾ, ನನ್ನಂಗ ಬದಿಗೆ ಸುಮ್ನ ಕೈ ಇಡು. ನಿನ್ನ ಕೈಗೇ ಗೊತ್ತಾಕ್ಕತಿ."

ಬಸವಕ್ಕ ಸೆರಗಿಗೆ ಎಣ್ಣೆ ಒರೆಸಿ ಕೈ ಇಟ್ಟಳು. ನಾಲ್ಕೈದು ಬಡಿತಕ್ಕೇ ಮುಖ ಬದಲಾಯಿತು.

"ಮೂವತ್ತು ವರ್ಷದಾಗ ಬಟ್ಟಿ ಮ್ಯಾಲ ಏರಿದ್ದು ಕಂಡೀನಿ, ಕೆಳಗ ಇಳಿದದ್ದು ಕಂಡೀನಿ. ಹಿಂಗ ಅಗಲಾಗಿದ್ದು ಕಂಡಿಲ್ಲ. ಏಳೋ ಉಚ್ಚೀರಾ... ಅಯ್ಯ, ಏಳಬ್ಯಾಡ! ಮಲಕ್ಕೊಂಡೇ ಹೋಗು. ನಾ ಮುಟ್ಟಂಗಿಲ್ಲ."

ನರ್ಸಿನ ಮಾತಿಗೆ ಅಲುಗದವನು ಆ ಮಾತಿಗೆ ಹೂಂ ಅಂದ. 108 ಗಾಡಿ ಬಂತು. ಮಲ್ಲೇಶ್ವರಿ ಆದೋನಿಗೆ ಮೊದಲೇ ಫೋನು ಮಾಡಿ, ದಾರಿಯುದ್ದಕ್ಕೂ ಬಿ.ಪಿ. ನೋಡುತ್ತ, ಅವನನ್ನು ಅಲುಗಾಡಲು ಬಿಡದೆ ಕೂತಳು. ಸ್ಕ್ಯಾನಿನಲ್ಲಿ ಉಬ್ಬು ಏಳು ಸೆಂಟಿಮೀಟರು, ಒಡೆದಿರಲಿಲ್ಲ. ಅಲ್ಲಿಂದ ನೇರ ಕರ್ನೂಲು. ಸಂಜೆಯೊಳಗೆ ಸರ್ಜನ್ ಆ ನಾಳ ತೆರೆದು, ಕೃತಕ ಕೊಳವೆ ಹೊಲಿದು ಕೂಡಿಸಿದ್ದರು.

ಹದಿನಾಲ್ಕನೆಯ ದಿನ ಅವನು ಊರಿಗೆ ಬಂದ. ಮಲ್ಲೇಶ್ವರಿ ಬಂದವಳೇ ಅವನ ಪಾದ ಹಿಡಿದಳು.

"ಕೊಯ್ದಿದ್ದು ಹೊಟ್ಟಿ ನರ್ಸಮ್ಮ, ಕಾಲಲ್ಲ!"

"ಸುಮ್ನಿರಪ್ಪ. ಹೊಸ ಕೊಳವಿಯಿಂದ ನೆತ್ತರು ಕಾಲಿಗೆ ಇಳೀತೈತೋ ಇಲ್ಲೋ ನೋಡ್ಬೇಕು."

ಎಡಪಾದ ಬೆಚ್ಚಗಿತ್ತು, ನಾಡಿ ಸಿಕ್ಕಿತು. ಬಲಪಾದದಲ್ಲಿ ಬೆರಳು ಸರಿಸಿ ಸರಿಸಿ ಹುಡುಕಿದಳು. ಲಿಂಗಕ್ಕ ಬಾಗಿ ನೋಡಿದಳು.

"ಇಲ್ಲೂ ಐತಿ! ಚೆಂದ ಬಡಿಯಾಕತ್ತೈತಿ! ಇವತ್ತು ಮೂರು ಮನಿತನಕ ನಡದರ ಸಾಕು."

ಉಚ್ಚೀರಪ್ಪ ಲಿಂಗಕ್ಕನ ಭುಜ ಹಿಡಿದು ಎದ್ದ. ಮೆಲ್ಲಗೆ ಓಣಿಗಿಳಿದ. ಕಟ್ಟೆಯ ಮೇಲಿದ್ದ ಸುಂಕಣ್ಣ ಕೂಗಿದ: "ಏನಪಾ, ಹೊಸಾ ಪೈಪ್‌ಲೈನ್ ಹಾಕಿಸ್ಕೊಂಡೀಯಂತ?"

"ಹೌದೋ, ನೀರು ಕಾಲಿನತನಕ ಬಂದೈತಿ!"

ಓಣಿಯೆಲ್ಲ ನಕ್ಕಿತು. ಅವನು ಮೂರು ಮನೆ ದಾಟಿ, ನಾಲ್ಕನೆಯದಕ್ಕೂ ನಡೆದ.