ಚಿಕ್ಕಸ್ವಾಮಿ ಬೆಣೆ ಹೊಡೆದ ಕಂಬ

ಪುಟ್ಟತಾಯಮ್ಮ ಬಿಂಡಿಗನವಿಲೆಯಿಂದ ಮೊದಲ ಬಸ್ಸು ಹಿಡಿದು, ನಾಗಮಂಗಲದಲ್ಲಿ ಇಳಿದು ಇನ್ನೊಂದು ಹತ್ತಿ, ಪಾಂಡವಪುರದಾಚೆಯ ಕರೆಂಟು ಕಂಬದ ಕಾರ್ಖಾನೆ ಸೇರಿದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಅವಳ ಗಂಡ ಚಿಕ್ಕಸ್ವಾಮಿ ಹಿಂದಿನ ತಿಂಗಳು ಸತ್ತದ್ದು ಇಲ್ಲಿಯೇ. ಅವನು ಕುಡಿದು ಬಂದಿದ್ದ, ಕುಡಿದ ಕೈಯಲ್ಲಿ ಬೆಣೆ ಗಟ್ಟಿಯಾಗಿ ಕೂರಲಿಲ್ಲ, ಬಿಗಿದ ತಂತಿ ಜಾರಿ ಎದೆಗೆ ಬಡಿಯಿತು ಎಂದು ಕಾರ್ಖಾನೆಯವರು ಹೇಳಿದ್ದರು. ಆ ಮಾತು ಹೆಣಕ್ಕಿಂತ ಮೊದಲೇ ಊರು ತಲುಪಿತ್ತು. ತಿಥಿಯ ಊಟಕ್ಕೆ ಕುಳಿತವರೂ ಅದನ್ನೇ ಮೆಲ್ಲುತ್ತಿದ್ದರು.

ಅವನು ಸತ್ತ ದಿನ ಅಚ್ಚುಗಳ ಸಾಲಿನಲ್ಲಿ ಎರಕ ಹೊಯ್ದ ಕಂಬವೊಂದನ್ನು ಇಂದು ಪರೀಕ್ಷೆಗೆ ಎಳೆಯುತ್ತಾರೆಂದು ಅವಳಿಗೆ ಫೋನು ಮಾಡಿದವನು ಕಲೀಂ. ಉದ್ದನೆಯ ಸಾಲಿನ ಈ ತುದಿಯಲ್ಲಿ ಜಾಕಿ ತಿರುಗಿಸಿ ತಂತಿ ಎಳೆಯುವವನು ಅವನು; ಆ ತುದಿಯಲ್ಲಿ ತಂತಿ ಜಾರದಂತೆ ಬೆಣೆ ಹೊಡೆಯುತ್ತಿದ್ದವನು ಚಿಕ್ಕಸ್ವಾಮಿ. "ಎಳೀಲೇನ್ಲಾ?" ಎಂದು ಇವನು ಕೂಗಬೇಕು. "ಎಳ್ಯಲಾ, ಅಲ್ಲೇನ್ ಟೀ ಕದಡ್ತಿದ್ದೀಯಾ?" ಎಂದು ಅವನು ಮರುಕೂಗು ಹಾಕಿದ ಮೇಲೆಯೇ ಜಾಕಿ ತಿರುಗಬೇಕು. ಈಗ ಆ ತುದಿಗೆ ಬಂದಿರುವವನು ಮಾತನಾಡುವುದಿಲ್ಲ. ಕೈಯೆತ್ತಿ ಸನ್ನೆ ಮಾಡುತ್ತಾನೆ.

"ಬಾ ಅಕ್ಕ, ನೆರಳಲ್ಲಿ ಕೂತ್ಕೋ," ಎಂದ ಕಲೀಂ.

"ಕೂರಕ್ ಬಂದಿಲ್ಲ ಕಣಪ್ಪ. ಒಂದ್ ಕಂಬ ಎಳುದ್ರೆ ಅವ್ರು ಕುಡ್ದಿದ್ರೋ ಇಲ್ವೋ ಅಂತ ಎಂಗ್ ಗೊತ್ತಾದದು? ಅದ್ ಹೇಳು."

ಕಲೀಂ ತುಸು ಯೋಚಿಸಿದ. "ನೀನು ಇಟ್ಟಿಗೆ ಇಳ್ಸೋಳು ತಾನೆ? ನಾಕಾರು ಇಟ್ಟಿಗೆ ಸಾಲಾಗಿಟ್ಟು, ಎರಡೂ ಕೊನೇಲಿ ಅಂಗೈ ಒತ್ತಿ ಎತ್ತಿದ್ರೆ?"

"ಬೀಳಾಕಿಲ್ಲ."

"ಕೈ ಸಡ್ಲ ಬುಟ್ರೆ?"

"ಕಾಲ್ ಮ್ಯಾಲೆ."

"ಅದೇ ಕಣಕ್ಕ. ಕಾಂಕ್ರೀಟು ಒತ್ತಿದ್ರೆ ತಡ್ಕತದೆ, ಜಗ್ಗಿದ್ರೆ ಬಿರೀತದೆ. ಅದಕ್ಕೆ ಮೊದ್ಲೇ ತಂತಿ ಬಿಗಿಯಾಗ್ ಎಳ್ದು ಕಟ್ಟಿ, ಸುತ್ತ ಕಾಂಕ್ರೀಟು ತುಂಬ್ತೀವಿ. ಗಟ್ಟಿಯಾದ್ಮೇಲೆ ತುದೀಲಿ ತಂತಿ ಕತ್ತರಿಸ್ತೀವಿ. ಅದು ಹಿಂದಕ್ ಮುದುಡ್ಕಳಕ್ ನೋಡ್ತದೆ, ಕಾಂಕ್ರೀಟು ಬುಡಾಕಿಲ್ಲ. ನಿನ್ ಅಂಗೈಯಂಗೆ ಒಳಗಿಂದ್ಲೇ ಒತ್ಕಂಡಿರ್ತದೆ. ಬಿರುಗಾಳಿ ಬಂದು ಬಗ್ಸಿದ್ರೂ ಕಂಬ ಬಿರಿಯಾಕಿಲ್ಲ."

"ಎಷ್ಟ್ ದಿನ ಒತ್ಕಂಡಿರ್ತದೆ?"

"ಕಂಬ ಇರೋಗಂಟ. ಅವತ್ತು ಜಾರಿದ್ದು ಒಂದೇ ತಂತಿ. ಮಿಕ್ಕಿದ್ದಕ್ಕೆಲ್ಲ ಬೆಣೆ ಹೊಡ್ದಿದ್ದು ಅವ್ನೇ. ಕುಡ್ದ ಕೈಯಾಗಿದ್ರೆ ಅವೂ ಸಡ್ಲ ಇರ್ತವೆ. ಕಂಬ ಬೇಗ ಬಿರೀತದೆ."

ಕಲಸಿದ ಕಾಂಕ್ರೀಟು ಹಾಳಾದೀತೆಂದು, ಆಂಬುಲೆನ್ಸು ಗೇಟು ದಾಟುತ್ತಲೇ ಜಾರಿದ ತಂತಿಯ ಜಾಗಕ್ಕೆ ಇನ್ನೊಂದನ್ನು ಬಿಗಿದು ಅಚ್ಚುಗಳನ್ನು ತುಂಬಿದ್ದನ್ನು ಅವನು ಹೇಳಲಿಲ್ಲ.

ಕಂಬವನ್ನು ನೆಲಕ್ಕೆ ಮಲಗಿಸಿ, ಬುಡವನ್ನು ಉಕ್ಕಿನ ಚೌಕಟ್ಟಿನಲ್ಲಿ ಬಂಧಿಸಿ, ತಲೆಗೆ ಹಗ್ಗ ಬಿಗಿದಿದ್ದರು. ಸೂಪರ್‌ವೈಸರ್ ಲೋಕೇಶ್ ಎಳೆತ ಅಳೆಯುವ ಮುಳ್ಳಿನ ಪಕ್ಕ ನಿಂತಿದ್ದ. ಕುಡಿತದ ಮಾತನ್ನು ಮೊದಲು ಆಡಿದವನು ಅವನೇ. ಪುಟ್ಟತಾಯಮ್ಮನನ್ನು ಕಂಡು ಮುಖ ತಿರುಗಿಸಿ, ಎಳೆಯಲು ಹೇಳಿದ.

ಕಂಬ ಮೆಲ್ಲಗೆ ಬಾಗತೊಡಗಿತು. ಕಲ್ಲಿನಂಥದ್ದು ಹಾಗೆ ಬಾಗಬಲ್ಲದೆಂದು ಅವಳು ತಿಳಿದಿರಲಿಲ್ಲ. ಮುಳ್ಳು, ಕಂಬ ಬಿರಿಯದೆ ತಡೆಯಬೇಕಾದ ನಿಗದಿಯ ಗೆರೆ ಮುಟ್ಟಿತು. ಲೋಕೇಶ್ ಕುಕ್ಕರಗಾಲಿನಲ್ಲಿ ಕುಳಿತು ಬುಡದ ಮೇಲೆ ಬೆರಳಾಡಿಸಿದ. ಬಿರುಕಿರಲಿಲ್ಲ. ಇನ್ನಷ್ಟು ಎಳೆದಾಗ ಕೂದಲೆಳೆಯಂಥ ಗೆರೆಗಳು ಮೂಡಿದವು. ಹಗ್ಗ ಸಡಿಲಿಸಿದರು, ಕಂಬ ನೆಟ್ಟಗಾಯಿತು, ಗೆರೆಗಳು ಮುಚ್ಚಿಕೊಂಡವು. ಅವಳು ಬಗ್ಗಿ ಹುಡುಕಿದಳು. ಅವು ಎಲ್ಲಿದ್ದವೆಂಬುದೂ ತಿಳಿಯಲಿಲ್ಲ.

"ಗೊತ್ತಾಯ್ತಲ್ಲ ಸಾ. ಸಾಕ್ ಬುಡಿ."

"ಮುರಿಯೋವರ್ಗೂ ಎಳೀಬೇಕಮ್ಮ. ರೂಲು."

ಮತ್ತೆ ಎಳೆದರು. ಬಹಳ ಹೊತ್ತು ತಾಳಿಕೊಂಡ ಕಂಬ, ಕೊನೆಗೆ ಬುಡದ ಹತ್ತಿರ ಒಂದೇ ಸದ್ದಿಗೆ ಮುರಿಯಿತು. ಧೂಳು ಇಳಿದಾಗ ತುಂಡಾದ ತಂತಿಗಳು ಹೊಳೆಯುತ್ತಿದ್ದವು.

ಲೋಕೇಶ್ ಮುಳ್ಳನ್ನು ಇನ್ನೊಮ್ಮೆ ನೋಡಿದ. ತಲೆಯ ಮೇಲಿನ ಹಳದಿ ಟೋಪಿ ತೆಗೆದ. "ಬೆಣೆ ಎಲ್ಲ ಸರಿಯಾಗೇ ಕೂತವೆ ಕಣಮ್ಮ. ಕೈಯಲ್ಲಿ ದೋಷ ಇರ್ಲಿಲ್ಲ."

"ಅಂಗಾರೆ ಆ ಒಂದ್ ತಂತಿ?"

"ಬೆಣೆ ಹಳೇದು. ತಂತಿ ಕಚ್ಚೋ ಹಲ್ಲು ಸವೆದಿರ್ಬೇಕು."

"ಈ ಮಾತ್ನ ನಮ್ಮೂರ್ಗ್ ಬಂದ್ ಹೇಳ್ತೀರಾ ಸಾ? ನಾಕ್ ಜನದ ಎದ್ರುಗೆ?"

ಲೋಕೇಶ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. ಹೊಸಹೊಳಲಿಗೆ ಕಂಬ ಒಯ್ಯುವ ಲಾರಿ ಕಾಯುತ್ತಿದೆಯೆಂದು ಗೊಣಗಿ, ಅತ್ತ ನಡೆದುಬಿಟ್ಟ.

"ನಾನ್ ಬತ್ತೀನಿ ಕಣಕ್ಕ, ಅಲ್ಲಾ ಕಸಂ, ನಾನ್ ಹೇಳ್ತೀನಿ," ಎಂದ ಕಲೀಂ.

"ನೀನ್ ಅವ್ರ ಜೊತೆಗಾರ ಕಣಪ್ಪ. ಸ್ನೇಹಕ್ ಹೇಳ್ತಾನೆ ಅಂತಾರೆ."

ಅವಳು ಮುರಿದ ಕಂಬದ ಬಳಿ ಕುಳಿತು ತಂತಿಯ ತುದಿಯೊಂದನ್ನು ಮುಟ್ಟಿದಳು. "ಅವ್ರ್ ಬಿಗಿದಿದ್ದು ಇನ್ನು ಇದ್ರಲ್ಲಿಲ್ವಾ?"

"ಮುರುದ್ ಕಡೆ ಇಲ್ಲ ಕಣಕ್ಕ."

ಅವಳ ಕೈ ಕಂಬದುದ್ದಕ್ಕೂ ಮೆಲ್ಲನೆ ಜರುಗಿ, ಏನೂ ಆಗದ ಭಾಗದ ಮೇಲೆ ನಿಂತಿತು.

"ಇಲ್ಲಿ?"

"ಅಲ್ಲೈತೆ."

ಲಾರಿಗೆ ಉಳಿದ ಕಂಬಗಳನ್ನು ಏರಿಸುವ ಕ್ರೇನು ದಾರಿ ಬಿಡಿರೆಂದು ಹಾರ್ನು ಮಾಡಿತು. ಪುಟ್ಟತಾಯಮ್ಮ ಕೈ ತೆಗೆಯಲಿಲ್ಲ. ಕಲೀಂ ಕ್ರೇನಿನವನತ್ತ ತಿರುಗಿ, ತುಸು ತಾಳೆಂದು ಕೈಯೆತ್ತಿದ.